ಹಾಸನದ ಒಂದು ಹಳೆಯ ಗೇಮಿಂಗ್ ಕಂಪ್ಯೂಟರ್: 25,000 ರೂಪಾಯಿಯೊಳಗೆ ನಡೆದ ನವೀಕರಣದ ಪ್ರಕರಣ ಅಧ್ಯಯನ

ಹಾಸನದ ವಿದ್ಯಾನಗರದ ಮನೆಯೊಂದರಲ್ಲಿ 2018ರಿಂದ ಬಳಕೆಯಲ್ಲಿದ್ದ ಗೇಮಿಂಗ್ ಕಂಪ್ಯೂಟರೊಂದನ್ನು 2025ರ ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಎರಡು ಹಂತಗಳಲ್ಲಿ ನವೀಕರಿಸಿದ ಕೆಲಸದ ವಿವರ ಇಲ್ಲಿದೆ. ಕಂಪ್ಯೂಟರಿನ ಮಾಲೀಕರು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವರು. ಸಂಜೆಯ ಹೊತ್ತು ಅವರೂ, ಪದವಿ ಓದುತ್ತಿರುವ ಅವರ ತಮ್ಮನೂ ಸರದಿಯ ಮೇಲೆ ಆಡುತ್ತಾರೆ. ಇದಕ್ಕೆಂದು ಅವರು ತೆಗೆದಿರಿಸಿದ್ದ ಹಣ 25,000 ರೂಪಾಯಿ, ಅದೂ ಒಂದೇ ಸಲಕ್ಕೆ ಸಿಗುವಂಥದ್ದಲ್ಲ: ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜುಲೈನಲ್ಲಿ, ಮಿಕ್ಕಿದ್ದು ದೀಪಾವಳಿಯ ಬೋನಸ್ ಕೈಸೇರಿದ ಮೇಲೆ. ಯಾವ ಭಾಗವನ್ನು ಯಾವಾಗ ಕೊಳ್ಳಬೇಕೆಂಬ ಪ್ರಶ್ನೆಗೆ ಈ ಪ್ರಕರಣದಲ್ಲಿ ಇಷ್ಟು ಮಹತ್ವ ಬಂದದ್ದು ಹಣ ಹೀಗೆ ಎರಡು ಕಂತಾಗಿದ್ದರಿಂದಲೇ.

ಯಂತ್ರದಲ್ಲಿದ್ದದ್ದು ಎಎಂಡಿಯ ರೈಜೆನ್ 5 1600 ಪ್ರೊಸೆಸರ್, ಬಿ350 ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಮದರ್‌ಬೋರ್ಡ್, 2400 ವೇಗದ 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿಯ ಹಾರ್ಡ್ ಡಿಸ್ಕ್ ಮತ್ತು ಕ್ಯಾಬಿನೆಟ್ ಕೊಂಡಾಗ ಅದರ ಜೊತೆಗೇ ಬಂದಿದ್ದ ಹೆಸರಿಲ್ಲದ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ. ಮಾನಿಟರ್ 1080ಪಿಯದು (1920x1080 ಚುಕ್ಕೆಗಳ ಪರದೆ), 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ದೂರು ಎರಡು ಬಗೆಯದಾಗಿತ್ತು. ಕೌಂಟರ್-ಸ್ಟ್ರೈಕ್ 2 ಆಡುವಾಗ ಎದುರಾಳಿ ಕಾಣಿಸಿಕೊಂಡ ಕ್ಷಣದಲ್ಲೇ ಚಿತ್ರ ತಡೆದು ನಿಲ್ಲುತ್ತಿತ್ತು ಎಂಬುದು ಅಣ್ಣನ ದೂರು. ತನಗೆ ಬೇಕಾದ ಸೈಬರ್‌ಪಂಕ್ 2077 ಈ ಯಂತ್ರದಲ್ಲಿ ಓಡುವುದೇ ಇಲ್ಲ ಎಂಬುದು ತಮ್ಮನದು. ತಮ್ಮನ ಮಾತಿಗೆ ಆಧಾರವಿತ್ತು. 2023ರಲ್ಲಿ ಪರಿಷ್ಕರಿಸಿದ ಆ ಆಟದ ಕನಿಷ್ಠ ಅಗತ್ಯಗಳಲ್ಲಿ ರೈಜೆನ್ 5 1600, 12 ಜಿಬಿ ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಮತ್ತು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಸಂಗ್ರಹ) ಸೇರಿವೆ. ಹಾರ್ಡ್ ಡಿಸ್ಕ್‌ಗೆ ಅಲ್ಲಿ ಜಾಗವೇ ಇಲ್ಲ. ಅಂದರೆ ಮನೆಯ ಯಂತ್ರ ಪ್ರೊಸೆಸರ್ ಒಂದರಲ್ಲಿ ಮಾತ್ರ ಹೊಸ್ತಿಲ ಮೇಲಿತ್ತು, ಉಳಿದ ಮೂರರಲ್ಲಿ ಹೊರಗಿತ್ತು.

ಮಾಲೀಕರು ಈ ಕೆಲಸಕ್ಕಾಗಿ ನನ್ನ ಬಳಿ ಬರುವಷ್ಟರಲ್ಲಿ ಬಿ.ಎಂ. ರಸ್ತೆಯ ಕಡೆ ಒಂದೆರಡು ಅಂಗಡಿಗಳಲ್ಲಿ ವಿಚಾರಿಸಿ, ಇದ್ದಷ್ಟೂ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೇ ಹಾಕುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ದೊಡ್ಡ ಕಾರ್ಡು ಹಾಕಿದರೆ ಕರೆಂಟ್ ಸಾಕಾಗುತ್ತದೆಯೇ ಎಂದು ಅವರು ಕೇಳಿದ್ದಕ್ಕೆ ಒಂದು ಅಂಗಡಿಯಲ್ಲಿ ಸಿಕ್ಕಿದ ಉತ್ತರ, "ಒಂದು ಕನ್ವರ್ಟರ್ ಕೇಬಲ್ ಕೊಡ್ತೀನಿ ಸಾರ್, ಅದ್ರಲ್ಲೇ ನಡೆಯುತ್ತೆ." ಈ ಉತ್ತರದ ವಿಚಾರಕ್ಕೆ ಮುಂದೆ ಬರುತ್ತೇನೆ.

ಅಳತೆ

ಏನನ್ನೂ ಕೊಳ್ಳುವ ಮೊದಲು ಯಂತ್ರ ಆಡುವಾಗ ಏನು ಮಾಡುತ್ತಿದೆ ಎಂಬುದನ್ನು ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದ ಮೂಲಕ ಪರದೆಯ ಮೂಲೆಯಲ್ಲಿ ತೋರಿಸಿಕೊಂಡು ನೋಡಲಾಯಿತು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರಗಳು, ಅಂದರೆ ಫ್ರೇಮುಗಳು, ಮೂಡುತ್ತವೆ ಎಂಬ ಲೆಕ್ಕ) ಒಂದನ್ನೇ ನೋಡಿದರೆ ಇಲ್ಲಿ ದಾರಿ ತಪ್ಪುತ್ತದೆ. 60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಫ್ರೇಮಿಗೆ ಸಿಗುವ ಕಾಲಾವಕಾಶ 16.7 ಮಿಲಿಸೆಕೆಂಡ್, ನೂರು ಫ್ರೇಮುಗಳು ತಲಾ ಹತ್ತು ಮಿಲಿಸೆಕೆಂಡಿನಲ್ಲಿ ಬಂದು ನೂರೊಂದನೆಯದು ನೂರು ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆಡುವವನ ಕಣ್ಣಿಗೆ ಮಾತ್ರ ಆ ಒಂದು ಫ್ರೇಮೇ ಕುಕ್ಕುತ್ತದೆ. ಆದ್ದರಿಂದ ಅತ್ಯಂತ ನಿಧಾನವಾದ ಶೇ. 1ರಷ್ಟು ಫ್ರೇಮುಗಳ ವೇಗವನ್ನು ಬೇರೆಯಾಗಿ ಬರೆದುಕೊಂಡೆವು. ಕೌಂಟರ್-ಸ್ಟ್ರೈಕ್ 2 ಆಟದಲ್ಲಿ, ಚಿತ್ರದ ಗುಣಮಟ್ಟವನ್ನು ಕೆಳಮಟ್ಟಕ್ಕಿಳಿಸಿದಾಗ, ಸರಾಸರಿ 92 ಎಫ್‌ಪಿಎಸ್ ಇದ್ದರೆ ಈ ಶೇ. 1ರ ಅಂಕಿ 31ರಷ್ಟೇ ಇತ್ತು.

ಚಿತ್ರ ತಡೆಯುತ್ತಿದ್ದ ಕ್ಷಣಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಶೇ. 70ರ ಆಸುಪಾಸಿನಲ್ಲಿ ಮಾತ್ರ ದುಡಿಯುತ್ತಿತ್ತು. ಕಾರ್ಡೇ ಸೋತಿದ್ದರೆ ಅದು 99 ತೋರಿಸಬೇಕಿತ್ತು. ಅದೇ ಹೊತ್ತಿಗೆ ರ‍್ಯಾಮ್ ಬಳಕೆ 7.6 ಜಿಬಿ ಮುಟ್ಟಿ, ಹಾರ್ಡ್ ಡಿಸ್ಕಿನ ಚಟುವಟಿಕೆ ಶೇ. 100ಕ್ಕೆ ಏರಿ ಅಲ್ಲೇ ನಿಂತುಬಿಡುತ್ತಿತ್ತು. ಆಟ, ಹಿಂದೆ ತೆರೆದಿಟ್ಟ ಬ್ರೌಸರ್, ಗೆಳೆಯರೊಂದಿಗೆ ಮಾತಾಡುವ ಡಿಸ್ಕಾರ್ಡ್ ಎಲ್ಲವೂ ಸೇರಿ 8 ಜಿಬಿ ತುಂಬಿದ ಕೂಡಲೇ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಹಾರ್ಡ್ ಡಿಸ್ಕಿನ ಪೇಜ್ ಫೈಲಿಗೆ ಸರಿಸಿ, ಬೇಕಾದಾಗ ಅಲ್ಲಿಂದಲೇ ಹುಡುಕಿ ತರುತ್ತಿತ್ತು. ತಿರುಗುವ ತಟ್ಟೆಯಿಂದ ಮಾಹಿತಿ ಬರುವವರೆಗೆ ಪ್ರೊಸೆಸರೂ ಕಾರ್ಡೂ ಸುಮ್ಮನೆ ಕಾಯಬೇಕು. ಈ ಸ್ಥಿತಿಯಲ್ಲಿ 20,000 ರೂಪಾಯಿಯ ಕಾರ್ಡ್ ತಂದು ಹಾಕಿದ್ದರೂ ಅದು ಸಹ ಇದೇ ಸರದಿಯಲ್ಲಿ ನಿಂತು ಕಾಯುತ್ತಿತ್ತು.

ಒಂದೇ ಕಡ್ಡಿ ರ‍್ಯಾಮ್ ಇದ್ದದ್ದು, ಅದೂ ನಿಧಾನದ್ದು, ಇನ್ನೊಂದು ತೊಂದರೆ, ಮತ್ತು ರೈಜೆನ್‌ನ ಮೊದಲ ಪೀಳಿಗೆಯಲ್ಲಿ ಅದರ ಪೆಟ್ಟು ಜೋರು. 1600ರ ಆರು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಮೂರು ಮೂರಾಗಿ ಎರಡು ಗುಂಪಾಗಿವೆ, ಪ್ರತಿ ಗುಂಪಿಗೂ 8 ಎಂಬಿಯ ಪ್ರತ್ಯೇಕ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿ) ಇದೆ. ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನಲ್ಲಿರುವ ಮಾಹಿತಿ ಬೇಕಾದರೆ ಅದು ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಒಳದಾರಿಯಲ್ಲಿ ಹಾದು ಬರಬೇಕು, ಆ ದಾರಿಯ ವೇಗವಾದರೋ ರ‍್ಯಾಮಿನ ವೇಗಕ್ಕೆ ಕಟ್ಟುಬಿದ್ದಿದೆ. 2400ರ ಒಂದು ಕಡ್ಡಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಮಾಹಿತಿ ಹರಿಯುತ್ತದೆ. 3200ರ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ 51.2 ಜಿಬಿ. ಲೆಕ್ಕ ಬರೆಯುವವರಾದ ಮಾಲೀಕರಿಗೆ ಈ ಎರಡು ಅಂಕಿಗಳನ್ನು ತೋರಿಸಿದ ಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಡಬ್ಬಿಯ ಮೇಲಿನ ಚೀಟಿ

ಇನ್ನು ಎಸ್‌ಎಂಪಿಎಸ್. ಹೊರಗೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಅದನ್ನು ಕ್ಯಾಬಿನೆಟ್ಟಿನಿಂದ ಬಿಚ್ಚಿ ತೆಗೆದು, ಬದಿಯ ಚೀಟಿಯ ಮೇಲಿನ ಧೂಳು ಒರೆಸಿ ಓದಿದಾಗ 12 ವೋಲ್ಟಿನ ಸಾಲಿನ ಎದುರು 14 ಆಂಪಿಯರ್ ಎಂದು ಅಚ್ಚಾಗಿತ್ತು. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಶಕ್ತಿ ಪಡೆಯುವುದು ಮುಖ್ಯವಾಗಿ ಈ 12 ವೋಲ್ಟಿನ ಸಾಲಿನಿಂದಲೇ. ಮಿಕ್ಕ ವ್ಯಾಟುಗಳು 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿ, ಕೆಲವೊಮ್ಮೆ ಕೇವಲ ಅಚ್ಚಿನಲ್ಲಿ, ಇರುತ್ತವೆ. 65 ವ್ಯಾಟಿನ ಪ್ರೊಸೆಸರ್ ಮತ್ತು 75 ವ್ಯಾಟಿನ 1050 ಟಿಐ ಸೇರಿ ಇಷ್ಟು ವರ್ಷ ಈ ಡಬ್ಬಿ ಅಂಚಿನಲ್ಲೇ ದುಡಿದಿತ್ತು. 1050 ಟಿಐಗೆ ಪ್ರತ್ಯೇಕ ಪವರ್ ಕೇಬಲ್ ಬೇಕಿಲ್ಲ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಅದು ನಡೆಯುತ್ತದೆ. ಹಾಗಾಗಿಯೇ ಕೊರತೆ ಯಾರ ಗಮನಕ್ಕೂ ಬಂದಿರಲಿಲ್ಲ. 130 ವ್ಯಾಟಿನ ಕಾರ್ಡೊಂದನ್ನು ಹಾರ್ಡ್ ಡಿಸ್ಕಿನ ನಾಲ್ಕು ಪಿನ್ನಿನ ಕೇಬಲ್ಲಿಗೆ ಕನ್ವರ್ಟರ್ ಸಿಕ್ಕಿಸಿ ನಡೆಸಿದ್ದರೆ ಮೊದಲು ಬಿಸಿಯಾಗುತ್ತಿದ್ದದ್ದು ಆ ತೆಳು ತಂತಿ. ಕೇಬಲ್ ಬದಲಾದರೆ ತುದಿಯ ಆಕಾರ ಬದಲಾಗುತ್ತದೆಯೇ ಹೊರತು ಹಿಂದಿನ 14 ಆಂಪಿಯರ್ ಹಾಗೇ ಇರುತ್ತದೆ. ಕನ್ವರ್ಟರ್ ಮಾರುವವರ ಮೇಲೆ ನನಗೆ ಕೋಪವೇನಿಲ್ಲ, ಆದರೆ ಕೊಳ್ಳುವವರು ಈ ಚೀಟಿಯನ್ನು ಒಮ್ಮೆ ಓದಬೇಕು.

ಮನೆಯ 600 ವಿಎ ಯುಪಿಎಸ್‌ನ ಬ್ಯಾಟರಿಯೂ ಸತ್ತಿತ್ತು. ಕರೆಂಟ್ ಹೋದರೆ ಒಮ್ಮೆ ಕೂಗಿ ಅದೂ ಆರುತ್ತಿತ್ತು. ಆಷಾಢದ ಗಾಳಿಮಳೆಗೆ ದಿನಕ್ಕೆ ಹಲವು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ಇದನ್ನು ಹಾಗೇ ಬಿಟ್ಟು ಮುಂದಿನ ಕೆಲಸ ಮಾಡುವಂತಿರಲಿಲ್ಲ, ಕಾರಣ ಮುಂದೆ ಆಗಬೇಕಿದ್ದ ಬಯೋಸ್ (ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಪರಿಷ್ಕರಣೆ. ಅದು ನಡೆಯುವ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಮದರ್‌ಬೋರ್ಡ್ ಮತ್ತೆ ಏಳದೇ ಹೋಗಬಹುದು.

ಜುಲೈ

ಮೊದಲ ಕಂತಿನಲ್ಲಿ 550 ವ್ಯಾಟಿನ 80 ಪ್ಲಸ್ ಬ್ರಾಂಜ್ (ವಿದ್ಯುತ್ ದಕ್ಷತೆಯ ಪ್ರಮಾಣ) ದರ್ಜೆಯ ಎಸ್‌ಎಂಪಿಎಸ್‌ಗೆ 4,200, 3200 ವೇಗದ 8 ಜಿಬಿಯ ಜೋಡಿ ರ‍್ಯಾಮ್‌ಗೆ 3,300, 500 ಜಿಬಿಯ ಎನ್‌ವಿಎಂಇ (ಇನ್ನೂ ವೇಗದ ಬಗೆಯ) ಎಸ್‌ಎಸ್‌ಡಿಗೆ 3,000, ಯುಪಿಎಸ್‌ಗೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಗೆ 1,000 ಮತ್ತು ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟಿಗೆ 250, ಒಟ್ಟು 11,750 ರೂಪಾಯಿ ಖರ್ಚಾಯಿತು. ಆಡುವವರ ಕಣ್ಣಿಗೆ ಬೀಳುವಂಥ ವಸ್ತು ಇದರಲ್ಲಿ ಒಂದೂ ಇಲ್ಲದ್ದರಿಂದ ತಮ್ಮ ಮುಖ ಸಣ್ಣದು ಮಾಡಿಕೊಂಡ. "ಅಣ್ಣಾ, ಇಷ್ಟರಲ್ಲಿ ಕಾರ್ಡೇ ಬರ್ತಿತ್ತಲ್ಲ" ಎಂದು ಅವನು ಅಣ್ಣನಿಗೆ ಹೇಳಿದ್ದು ನನಗೂ ಕೇಳಿಸಿತು.

ಹೊಸ ರ‍್ಯಾಮನ್ನು ನೇರವಾಗಿ 3200ರಲ್ಲಿ ಓಡಿಸಲಿಲ್ಲ. 1600ರ ಮೆಮೊರಿ ನಿಯಂತ್ರಕಕ್ಕೆ ಎಎಂಡಿ ಅಧಿಕೃತವಾಗಿ ಹೇಳಿರುವ ವೇಗ 2666. ಅದಕ್ಕಿಂತ ಮೇಲಿನದ್ದು ಬೋರ್ಡಿನ ಮೇಲೆ, ಕಡ್ಡಿಗಳ ಮೇಲೆ ನಿಂತ ಮಾತು. ಇಲ್ಲಿ 2933ರಲ್ಲಿ ಯಂತ್ರ ಸ್ಥಿರವಾಗಿ ನಿಂತಿತು, ಅಲ್ಲಿಗೇ ಬಿಟ್ಟೆವು. ಸ್ಲಾಟಿನಲ್ಲಿದ್ದ ಹಳೆಯ ಕಡ್ಡಿಯ ಚಿನ್ನದ ಬಣ್ಣದ ಅಂಚು ತೇವಕ್ಕೆ ಮಂಕಾಗಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಒರೆಸಿ ಮಾರಾಟಕ್ಕೆ ಎತ್ತಿಟ್ಟೆವು. ಮಲೆನಾಡಿನ ಸೆರಗಿನ ಊರುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರ ಮೇಜಿನ ಮೇಲೆ ಸ್ಕ್ರೂಡ್ರೈವರಿನಷ್ಟೇ ಖಾಯಂ ಆಗಿ ಈ ರಬ್ಬರೂ ಇರುತ್ತದೆ.

ಎಸ್‌ಎಸ್‌ಡಿಗೆ ವಿಂಡೋಸ್ 10ನ್ನು ಹೊಸದಾಗಿ ಹಾಕುವಾಗ ಯಂತ್ರ ಏಳುವ ಹಳೆಯ ಲೆಗಸಿ ವಿಧಾನವನ್ನು ಬಿಟ್ಟು, ಹೊಸದಾದ ಯುಇಎಫ್‌ಐ ವಿಧಾನದಲ್ಲಿ, ಅದಕ್ಕೆ ಬೇಕಾದ ಜಿಪಿಟಿ ಎಂಬ ಡಿಸ್ಕ್ ವಿಭಜನೆಯೊಂದಿಗೆ ಹಾಕಲಾಯಿತು. ಆ ದಿನಕ್ಕೆ ಇದರಿಂದ ಯಾವ ಲಾಭವೂ ಇಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಪ್ರಕಟವಾಗಿತ್ತು, ವಿಂಡೋಸ್ 11ಕ್ಕೆ ಯುಇಎಫ್‌ಐ, ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಏಳುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಘಟಕ) ಬೇಕು. ಮಾಲೀಕರು ಆಗೀಗ ಆಡುವ ವ್ಯಾಲೊರಂಟ್ ಕೂಡ ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆದುಕೊಳ್ಳುವುದಿಲ್ಲ. ಮೂರು ತಿಂಗಳ ನಂತರ ಎಲ್ಲವನ್ನೂ ಅಳಿಸಿ ಮತ್ತೆ ಹಾಕುವ ಕೆಲಸ ಹೀಗೆ ತಪ್ಪಿತು.

ಈ ಹಂತ ಮುಗಿದಾಗ, ಪ್ರೊಸೆಸರನ್ನಾಗಲಿ ಕಾರ್ಡನ್ನಾಗಲಿ ಮುಟ್ಟದೆಯೇ, ಅದೇ ಆಟದ ಸರಾಸರಿ 92ರಿಂದ 108ಕ್ಕೂ, ಶೇ. 1ರ ಅಂಕಿ 31ರಿಂದ 58ಕ್ಕೂ ಏರಿತು. ಅಣ್ಣನ ದೂರು ಬಹುಮಟ್ಟಿಗೆ ಇಲ್ಲಿಗೇ ಮುಗಿಯಿತು. ರ‍್ಯಾಮನ್ನು ಮೊದಲ ಕಂತಿನಲ್ಲೇ ಕೊಂಡದ್ದು ಇನ್ನೊಂದು ಲೆಕ್ಕದಲ್ಲೂ ಒಳ್ಳೆಯದಾಯಿತು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಆ ವರ್ಷದ ಕೊನೆಗೆ ಮೆಮೊರಿಯ ಬೆಲೆ ಎಲ್ಲೆಡೆ ಜಿಗಿದು, ಈ ಯಂತ್ರದಲ್ಲಿರುವ ಬಗೆಯ ಡಿಡಿಆರ್4 ಕಡ್ಡಿಗಳೂ ಕೈಗೆಟುಕದಂತಾದವು. ಇದನ್ನು ನಮ್ಮಲ್ಲಿ ಯಾರೂ ಮುಂದಾಗಿ ಕಂಡಿರಲಿಲ್ಲ, ಅದೃಷ್ಟ ಅಷ್ಟೇ.

ಯಾವ ಕಾರ್ಡು, ಯಾವ ಪ್ರೊಸೆಸರ್

ತಮ್ಮನ ಆಟ ಬಾಕಿಯಿತ್ತು, ಅಲ್ಲಿ 1050 ಟಿಐ ಶೇ. 99ರಲ್ಲಿ ಏದುಸಿರು ಬಿಡುತ್ತಿದ್ದದ್ದು ಸ್ಪಷ್ಟವಿತ್ತು. ಜೊತೆಗೆ, ಆ ಕಾರ್ಡು ಸೇರಿರುವ ಪ್ಯಾಸ್ಕಲ್ ಪೀಳಿಗೆಗೆ ಆಟಗಳಿಗೆ ತಕ್ಕಂತೆ ಬರುತ್ತಿದ್ದ ಗೇಮ್ ರೆಡಿ ಡ್ರೈವರ್‌ಗಳು 2025ರ ಅಕ್ಟೋಬರಿಗೆ ನಿಲ್ಲುತ್ತವೆ, ನಂತರ 2028ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆಗಳಷ್ಟೇ ಬರುತ್ತವೆ ಎಂದು ಎನ್‌ವಿಡಿಯಾ ಘೋಷಿಸಿತ್ತು.

ಅಂಗಡಿಯವರು ಸೂಚಿಸಿದ್ದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನದು, ಕೇಬಲ್ ಕೇಳುವುದಿಲ್ಲ. ಹಳೆಯ ಎಸ್‌ಎಂಪಿಎಸ್ ಉಳಿಸಿಕೊಳ್ಳಲೇಬೇಕಾದವರಿಗೆ ಅದು ತಕ್ಕ ಆಯ್ಕೆ. ಆದರೆ ಎಸ್‌ಎಂಪಿಎಸ್ ಆಗಲೇ ಬದಲಾಗಿತ್ತು, ಅದೇ ಹಣಕ್ಕೆ, ಇನ್ನೂ ಕಡಿಮೆಗೂ, ಸೆಕೆಂಡ್ ಹ್ಯಾಂಡ್‌ನಲ್ಲಿ ಅದಕ್ಕಿಂತ ಬಲವಾದ ರೇಡಿಯಾನ್ ಆರ್‌ಎಕ್ಸ್ 6600 ಸಿಗುತ್ತಿತ್ತು: 8 ಜಿಬಿ, 132 ವ್ಯಾಟ್, ಎಂಟು ಪಿನ್ನಿನ ಒಂದು ಕೇಬಲ್. ಅಗ್ಗವೆಂದು ಮಾಲೀಕರು ಗುರುತು ಹಾಕಿಕೊಂಡಿದ್ದ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಮಾತ್ರ ನಾನು ಖಂಡಿತವಾಗಿ ಬೇಡವೆಂದೆ. ಅದು ಮದರ್‌ಬೋರ್ಡಿನೊಂದಿಗೆ ನಾಲ್ಕೇ ಪಿಸಿಐಇ (ಕಾರ್ಡು ಮತ್ತು ಬೋರ್ಡಿನ ನಡುವಿನ ಮಾಹಿತಿ ಸಂಪರ್ಕ) ಹಾದಿಗಳಲ್ಲಿ ಮಾತಾಡುತ್ತದೆ. ಪಿಸಿಐಇ 4.0 ಬೋರ್ಡಿನಲ್ಲಿ ಅದು ಹೇಗೋ ನಡೆದೀತು, ಬಿ350ಯಂಥ 3.0 ಬೋರ್ಡಿನಲ್ಲಿ ಸಿಗುವುದು ಸೆಕೆಂಡಿಗೆ 4 ಜಿಬಿಗೂ ಕಡಿಮೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕ್ಷಣದಿಂದ ಆಟ ಮತ್ತೆ ತಡೆಯತೊಡಗುತ್ತದೆ. 6600ಕ್ಕೆ ಎಂಟು ಹಾದಿಗಳಿವೆ, 3.0ರಲ್ಲಿಯೂ ನಷ್ಟ ಅತ್ಯಲ್ಪ.

ಪ್ರೊಸೆಸರನ್ನು ಬದಲಿಸಲು ಎರಡು ಕಾರಣಗಳಿದ್ದವು. ಮೊದಲನೆಯ ಪೀಳಿಗೆಯ ರೈಜೆನ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಎರಡನೆಯದಾಗಿ, ಹೊಸ ಕಾರ್ಡಿಗೆ ತಕ್ಕಷ್ಟು ಫ್ರೇಮುಗಳನ್ನು 1600 ಒದಗಿಸಲಾರದು. ಎಎಂಡಿಯ ಹೊಸ ಪೀಳಿಗೆಯ ಮದರ್‌ಬೋರ್ಡ್ ಕೊಂಡರೆ ಡಿಡಿಆರ್5 ರ‍್ಯಾಮೂ ಬೇಕಾಗಿ ಅಲ್ಲಿಗೇ ಹಣ ತೀರುತ್ತಿತ್ತು. ಎಎಂ4 (ಈ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡುಗಳ ದೊಡ್ಡ ಅನುಕೂಲ ಇಲ್ಲಿ ಕೈಹಿಡಿಯಿತು: 2017ರಲ್ಲಿ ಬಂದ 300 ಸರಣಿಯ ಚಿಪ್‌ಸೆಟ್‌ಗಳಿಗೂ ರೈಜೆನ್ 5000 ಪ್ರೊಸೆಸರುಗಳ ಬೆಂಬಲವನ್ನು ಎಎಂಡಿ 2022ರಲ್ಲಿ ತೆರೆದುಕೊಟ್ಟಿದೆ. ಆದರೂ ಆಯಾ ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರೂ, ಅದಕ್ಕೆ ಬೇಕಾದ ಬಯೋಸ್ ಆವೃತ್ತಿಯೂ ಇದೆಯೇ ಎಂದು ನೋಡಿಕೊಂಡೇ ಹಣ ಕೊಡಬೇಕು.

ರೈಜೆನ್ 5 5600 ಮತ್ತು 5500ರ ನಡುವೆ ಸ್ವಲ್ಪ ಚರ್ಚೆ ನಡೆಯಿತು. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು). 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ 5500ಕ್ಕೆ 16, ಜೊತೆಗೆ 5500 ಪಿಸಿಐಇ 3.0ಕ್ಕೇ ಸೀಮಿತ. ಎರಡನೆಯ ಕೊರತೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಬೋರ್ಡೇ 3.0. ಕ್ಯಾಶಿನ ಕೊರತೆ ನಿಜವಾದದ್ದು, ಆದರೂ 60 ಹರ್ಟ್ಸ್ ಮಾನಿಟರ್ ಇರುವ ಮನೆಯಲ್ಲಿ ಅದಕ್ಕಾಗಿ ಇನ್ನೂ ಎರಡೂವರೆ ಸಾವಿರ ಕೊಡುವುದು ನನಗೆ ಸರಿ ಕಾಣಲಿಲ್ಲ. 5500ರಲ್ಲಿ ಆರೂ ಕೋರ್‌ಗಳು ಒಂದೇ ಗುಂಪಿನಲ್ಲಿದ್ದು ಇಡೀ ಕ್ಯಾಶನ್ನು ಹಂಚಿಕೊಳ್ಳುತ್ತವೆ. 1600ರಲ್ಲಿದ್ದ ಒಳದಾರಿಯ ಓಡಾಟ ಅಷ್ಟರಿಂದಲೇ ತಪ್ಪುತ್ತದೆ. 7,200ಕ್ಕೆ ಹೊಸದನ್ನೇ ಬಿಲ್ ಸಮೇತ ಕೊಂಡೆವು.

ಹಳೆಯ ಕಾರ್ಡ್ ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಲ್ ಇಲ್ಲದ 6600 ಒಂದು 11,000ಕ್ಕೆ ಸಿಗುವ ಸುದ್ದಿ ಇತ್ತು. ಹಾಸನದಲ್ಲೇ ಅಂತಿಮ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನದನ್ನು 12,500ಕ್ಕೆ ಕೊಡಲು ಸಿದ್ಧನಿದ್ದ, ಅವನ ಬಳಿ 2023ರ ಫೆಬ್ರವರಿಯ ಬಿಲ್ ಇತ್ತು. ಈ ತಾರೀಖಿಗೆ ಬೆಲೆಯಿದೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವ 6600, ಎಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆ (ಕಾರ್ಡಿನಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ಮಾಡುವವರಿಗೂ ಮೆಚ್ಚಿನ ಕಾರ್ಡಾಗಿತ್ತು. ಎಥೀರಿಯಂ 2022ರ ಸೆಪ್ಟೆಂಬರ್ 15ರಂದು ತನ್ನ ವಿಧಾನ ಬದಲಿಸಿದ ಮೇಲೆ ಆ ದಂಧೆ ನಿಂತಿತು. ಅದಾದ ಮೇಲೆ ಹೊಸದಾಗಿ ಅಂಗಡಿಯಿಂದ ಹೊರಟ ಕಾರ್ಡು ಹಗಲೂ ರಾತ್ರಿ ಗಣಿಗಾರಿಕೆಯಲ್ಲಿ ಬೆಂದಿರುವ ಸಂಭವ ತೀರಾ ಕಡಿಮೆ. ಮೂರು ವರ್ಷದ ವಾರಂಟಿಯಲ್ಲೂ ಕೆಲವು ತಿಂಗಳು ಉಳಿದಿತ್ತು. ಹೆಚ್ಚುವರಿ 1,500 ರೂಪಾಯಿ ಆ ಕಾಗದಕ್ಕೆ ಕೊಟ್ಟ ಬೆಲೆ.

ಕಾರ್ಡನ್ನು ಅವನ ಯಂತ್ರದಲ್ಲಿ ಇದ್ದಂತೆಯೇ ಪರೀಕ್ಷಿಸಲಾಯಿತು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ಹೆಸರು ಮತ್ತು ಮೆಮೊರಿ ತಾಳೆ ನೋಡಿ, ಕಾರ್ಡನ್ನು ಪೂರ್ತಿ ದುಡಿಸುವ ಫರ್‌ಮಾರ್ಕ್ ಓಡಿಸಿ, ಫ್ಯಾನು ಜೋರಾದಾಗ ಕರಕರ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು, ಹಿಂಬದಿಯ ಸ್ಕ್ರೂಗಳ ತಲೆ ಸವೆದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದೆವು. ಎಲ್ಲವೂ ಸರಿಯಿತ್ತು.

ಅಕ್ಟೋಬರ್

ಜೋಡಣೆ ನಡೆದದ್ದು ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ. ಊರು ಭಕ್ತರಿಂದ ಕಿಕ್ಕಿರಿದು, ಪೇಟೆಗೆ ಹೋಗಿ ಒಂದು ಸ್ಕ್ರೂ ತರುವುದೂ ಕಷ್ಟವಿದ್ದುದರಿಂದ ಬೇಕಾದುದೆಲ್ಲವನ್ನೂ ಮೊದಲೇ ತಂದಿಟ್ಟುಕೊಂಡಿದ್ದೆವು. ಬಯೋಸ್ ಕಡತವನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ, ಯುಪಿಎಸ್ ಮೇಲೆ ಪರಿಷ್ಕರಣೆ ಮುಗಿಸಲಾಯಿತು. ಈ ಕ್ರಮ ತಿರುಗುಮುರುಗಾಗಕೂಡದು: ಹೊಸ ಪ್ರೊಸೆಸರನ್ನು ಗುರುತಿಸದ ಬಯೋಸ್ ಇರುವ ಬೋರ್ಡಿಗೆ ಅದನ್ನು ಮೊದಲೇ ಕೂರಿಸಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ.

ಎಎಂ4 ಪ್ರೊಸೆಸರಿನ ಪಿನ್ನುಗಳು ಅದರ ಅಡಿಯಲ್ಲೇ ಇರುತ್ತವೆ. ಏಳು ವರ್ಷದ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿದ್ದಾಗ ಕೂಲರನ್ನು ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನು ಬಾಗಿದರೆ ಮರುಮಾರಾಟದ ಹಣ ಹೋದಂತೆ. ಹಾಗಾಗಿ ಮೊದಲು ಹತ್ತಿಪ್ಪತ್ತು ನಿಮಿಷ ಆಟ ಓಡಿಸಿ ಪೇಸ್ಟನ್ನು ಬಿಸಿ ಮಾಡಿ, ಯಂತ್ರ ಆರಿಸಿ, ಸ್ಕ್ರೂಗಳನ್ನು ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಚುತ್ತಾ ಹೋದೆವು. ಸ್ವಲ್ಪ ಹೊತ್ತಿಗೆ ಅದು ಜಾರಿ ಬಿಟ್ಟುಕೊಂಡಿತು. 1600ರ ಜೊತೆ ಬಂದಿದ್ದ ರೈತ್ ಸ್ಪೈರ್ ಕೂಲರ್, 5500ರ ಜೊತೆ ಬರುವ ರೈತ್ ಸ್ಟೆಲ್ತ್‌ಗಿಂತ ದೊಡ್ಡದಾದ್ದರಿಂದ ಅದನ್ನೇ ತೊಳೆದು, ಹೊಸ ಪೇಸ್ಟ್ ಹಚ್ಚಿ ಮತ್ತೆ ಕೂರಿಸಿದೆವು.

ಮೊದಲ ಸಲ ಆನ್ ಮಾಡಿದಾಗ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಅಳಿಸಲು ವೈ ಒತ್ತಿ ಎಂಬ ಕಪ್ಪು ಪರದೆ ಬರುತ್ತದೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ ಡಿಸ್ಕ್ ಇದ್ದು, ಅದರ ರಿಕವರಿ ಕೀ ಬರೆದಿಟ್ಟುಕೊಂಡಿರದಿದ್ದರೆ ಇಲ್ಲಿ ವೈ ಒತ್ತುವುದು ಅಪಾಯ. ಇಲ್ಲಿ ಅದು ಹಾಕಿರಲಿಲ್ಲವೆಂದು ಮೊದಲೇ ಖಚಿತಪಡಿಸಿಕೊಂಡಿದ್ದರಿಂದ ಒತ್ತಿ ಮುಂದುವರಿದೆವು. ರ‍್ಯಾಮ್ 3200ಕ್ಕೆ ಏರಿತು, ಸೆಕ್ಯೂರ್ ಬೂಟ್ ಆನ್ ಆಯಿತು, ವಿಂಡೋಸ್ 11 ಯಾವ ತಕರಾರೂ ಇಲ್ಲದೆ ಮೇಲೆ ಕುಳಿತಿತು.

ಕೌಂಟರ್-ಸ್ಟ್ರೈಕ್ 2ರಲ್ಲಿ ಹಿಂದಿನದೇ ಗುಣಮಟ್ಟದಲ್ಲಿ ಸರಾಸರಿ 190, ಶೇ. 1ರ ಅಂಕಿ 96 ಬಂತು. ಸೈಬರ್‌ಪಂಕ್ 1080ಪಿಯಲ್ಲಿ ಮಧ್ಯಮ ಗುಣಮಟ್ಟದಲ್ಲಿ 70ರ ಆಸುಪಾಸಿನಲ್ಲಿ ನಿಂತಿತು, 60 ಹರ್ಟ್ಸ್ ಪರದೆಗೆ ಅಷ್ಟು ಸಾಕು.

ಎರಡನೆಯ ಕಂತಿನ ಖರ್ಚು 19,700, ಎರಡೂ ಸೇರಿ 31,450. ಹಳೆಯ 1050 ಟಿಐ 4,000ಕ್ಕೂ, 1600 ಪ್ರೊಸೆಸರ್ 2,200ಕ್ಕೂ, ರಬ್ಬರಿನಲ್ಲಿ ಉಜ್ಜಿದ ರ‍್ಯಾಮ್ 700ಕ್ಕೂ ಮಾರಾಟವಾದವು. ಆ 6,900 ಕಳೆದರೆ ಕೈಬಿಟ್ಟ ಹಣ 24,550. ಹೆಸರಿಲ್ಲದ ಎಸ್‌ಎಂಪಿಎಸ್‌ಗೂ ಒಬ್ಬರು 300 ರೂಪಾಯಿ ಕೊಡಲು ಬಂದಿದ್ದರು. ಅದನ್ನು ಇನ್ನೊಬ್ಬರ ಕಂಪ್ಯೂಟರಿಗೆ ಹಾಕುವ ಬದಲು ಗುಜರಿಗೆ ಕೊಡಿ ಎಂದು ಮಾಲೀಕರಿಗೆ ಹೇಳಿದೆ, ಅವರೂ ಒಪ್ಪಿದರು. ಹಾರ್ಡ್ ಡಿಸ್ಕ್ ಮದುವೆ, ಗೃಹಪ್ರವೇಶಗಳ ಫೋಟೋ ಇಡಲು ಯಂತ್ರದಲ್ಲೇ ಉಳಿದಿದೆ. ಅದಕ್ಕೂ ಏಳು ವರ್ಷವಾಗಿರುವುದರಿಂದ ಆ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಲು ಸೂಚಿಸಲಾಗಿದೆ. ತಮ್ಮ ಈಗ 144 ಹರ್ಟ್ಸ್ ಮಾನಿಟರ್ ಕೇಳುತ್ತಿದ್ದಾನೆ. ಕೌಂಟರ್-ಸ್ಟ್ರೈಕ್‌ನ ಮಟ್ಟಿಗೆ ಯಂತ್ರ ಅದಕ್ಕೆ ತಯಾರಿದೆ, ಅಣ್ಣನ ಮುಂದಿನ ಬೋನಸ್ ಬರುವುದು ಇನ್ನೊಂದು ದೀಪಾವಳಿಗೆ.